ಸೇರಿದ ದಿನಾಂಕ

ಇಪ್ಪತ್ತೊಂಬತ್ತು ಕಾನೂನು ಕರಗಿಸಿ
ನಾಲ್ಕು ಅಚ್ಚಿಗೆ ಹೊಯ್ದಿದ್ದಾರಂತೆ ದಿಲ್ಲಿಯಲ್ಲಿ.
ಇಲ್ಲಿ ಮೈಸೂರಿನ ಮಂಡಿ ಮೊಹಲ್ಲಾದ ಓಣಿಯಲ್ಲಿ
ಮೈದಾ ಅಂಟಿನ ವಾಸನೆಯ ನಡುವೆ
ನನ್ನ ಲ್ಯಾಪ್‌ಟಾಪಿಗೆ ಜಾಗ ಮಾಡಲು
ಅರ್ಧ ಕೆ.ಜಿ. ಮೈಸೂರು ಪಾಕಿನ ಖಾಲಿ ಡಬ್ಬಗಳ ಗೋಪುರವನ್ನು
ಅತಾವುಲ್ಲಾ ಸಾಹೇಬರು ತಾವೇ ಪಕ್ಕಕ್ಕೆ ಸರಿಸಿದರು.

ನಾನು ಇವರ ಲೆಕ್ಕದವನು. ವಾರಕ್ಕೊಂದು ದಿನ.
ಮಿಕ್ಕಂತೆ ಮೇಟಗಳ್ಳಿಯಲ್ಲಿ ಮೂರು, ಬನ್ನಿಮಂಟಪದಲ್ಲಿ ಎರಡು
ಇಂಥವೇ ತಗಡಿನ ಸೂರುಗಳ
ಪಿ.ಎಫ್., ಇ.ಎಸ್.ಐ., ಜಿ.ಎಸ್.ಟಿ.
(ನನಗೆ ಮಾತ್ರ ಯಾರೂ ಆರ್ಡರ್ ಕೊಟ್ಟಿಲ್ಲ, ಅದಿರಲಿ.)

"ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು ಸಾಹೇಬ್ರೆ,
ಹದಿನಾಲ್ಕು ಜನಕ್ಕೂ."
"ಕೊಡೋಣ. ಕಾಗದ ತಾನೆ. ನಮ್ಮಲ್ಲಿ ಕಾಗದಕ್ಕೇನು ಬರ."

ಹೆಸರು, ಸಂಬಳ ಟೈಪಿಸಿದೆ.
ಹುದ್ದೆ ಎಂದಲ್ಲಿ ಕೊಂಚ ತಡೆದೆ.
ರಟ್ಟು ಮಡಿಸುವ, ಅಂಟು ಬಳಿಯುವ, ನೂರು ಎಣಿಸಿ ದಾರ ಕಟ್ಟುವ,
ಲಾರಿ ಬಂದರೆ ಹೊರುವ, ಬರದಿದ್ದರೆ ನೆಲ ಗುಡಿಸುವ
ಕೆಲಸಕ್ಕೆ
'ಸಹಾಯಕಿ' ಎಂದು ಹಾಕಿದೆ.

ಆಮೇಲೆ ಬಂತು ಆ ಕಾಲಂ.

"ಈ ತಿಂಗಳ ಒಂದನೇ ತಾರೀಕು ಹಾಕಿ, ಎಲ್ಲರಿಗೂ," ಎಂದರು
ಲೋಟದ ಕೆನೆಯನ್ನು ಬೆರಳಲ್ಲಿ ಸರಿಸುತ್ತ, ನನ್ನ ಮುಖ ನೋಡದೆ.
ನನಗೂ ಗೊತ್ತು, ಅವರಿಗೂ ಗೊತ್ತು ಆ ಲೆಕ್ಕ:
ಕೊನೆಯ ಸಂಬಳ, ಇಪ್ಪತ್ತಾರರಿಂದ ಭಾಗಿಸು,
ಹದಿನೈದರಿಂದ ಗುಣಿಸು,
ಆಮೇಲೆ ವರ್ಷಗಳಿಂದ.
ವರ್ಷವೇ ಇಲ್ಲದಿದ್ದರೆ ಗುಣಿಸುವುದು ಯಾವುದರಿಂದ?

ಕೆಟ್ಟವರಲ್ಲ.
ಸ್ವೀಟ್ ಅಂಗಡಿಗಳ ಬಾಕಿ ಬರದ ದಸರೆಯಲ್ಲಿ
ಹೆಂಡತಿಯ ಬಳೆ ಅಡವಿಟ್ಟು ಬೋನಸ್ ಹಂಚಿದ್ದನ್ನು
ಬರೆದಿಟ್ಟವನು ನಾನೇ.
ಎರಡೂ ನಿಜ. ಒಂದೇ ಪುಟದ ಎಡಕ್ಕೊಂದು, ಬಲಕ್ಕೊಂದು.

ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡು
ಪತ್ರ ಹಿಡಿದು ಕೂಡಿಸಿ ಕೂಡಿಸಿ ಓದಿದಳು.
ರಾತ್ರಿ ಶಾಲೆಯ ಅಕ್ಷರ, ಅವಸರವಿಲ್ಲ.
"ನೇ... ಮ... ಕ. ಅಂದ್ರೆ ಈಗ ಸೇರಿಸ್ಕಂಡಂಗಾ ಸಾ?"
"ಹೂಂ."
"ಹಂಗಾರೆ ಇಷ್ಟ್ ದಿನ ನಾನೇನ್ ಮಾಡ್ತಿದ್ದೆ ಇಲ್ಲಿ?"

ಅಂಟಿನ ಬಾನಿಯ ಬಳಿ ಯಾರೋ ಕಿಸಕ್ಕೆಂದರು.
ಅವಳು ನಗಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ.
ಕಟಿಂಗ್ ಮೆಷಿನ್ನಿನ ಹಿಂದಿನ ಗೋಡೆಗೆ ಹೋಗಿ
ಸಹಕಾರ ಬ್ಯಾಂಕಿನ ಕ್ಯಾಲೆಂಡರ್ ಎತ್ತಿದಳು.

ಸೀಸದ ಗೀಟುಗಳು.
ಮಂಡಿಗಿಂತ ಗೇಣು ಮೇಲೆ ಶುರುವಾಗಿ
ಭುಜದ ಹತ್ತಿರ ನಿಂತಿವೆ, ಹಾಸ್ಟೆಲಿಗೆ ಸೇರಿಸಿದ ವರ್ಷ.
ನೋಡಿಕೊಳ್ಳಲು ಯಾರಿಲ್ಲದೆ ಕಂಕುಳಲ್ಲಿ ತಂದ ಮಗಳು
ರಟ್ಟಿನ ಚೂರುಗಳ ಮೇಲೆ ಮಲಗೆದ್ದು
ಬೆಳೆದ ಅಳತೆ.
ಪ್ರತಿ ಗೀಟಿನ ಪಕ್ಕ ತಾರೀಕು:
ಎಡಕ್ಕೆ ವಾಲಿದ ಏಳು, ಬಾಲ ಉದ್ದದ ಒಂಬತ್ತು.

ಸಾಹೇಬರು ಕನ್ನಡಕ ಏರಿಸಿದರು.
"ಅಬ್ಬಾಜಾನ್ ಕೈಬರಹ."
ಹೋಗಿ ಹನ್ನೊಂದು ವರ್ಷವಾಯಿತು ಆ ಹಿರಿಯರು.
ಇದ್ದಷ್ಟು ದಿನ ಒಂದು ರಿಜಿಸ್ಟರ್ ಇಟ್ಟವರಲ್ಲ.
ತಳದ ಗೀಟು: ೩-೬-೨೦೦೪.

ಎಷ್ಟೋ ಹೊತ್ತು ಮೆಷಿನ್ ನಿಂತೇ ಇತ್ತು.
ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಲು ಹೋದವರು
ಸಿಕ್ಕಿಸದೆ ಮೇಜಿನ ಮೇಲಿಟ್ಟರು.
"ಅಷ್ಟು ದುಡ್ಡು ನನ್ನ ಹತ್ರ ಇಲ್ಲ," ಎಂದರು, ಗೋಡೆಗೆ.
ಆಮೇಲೆ ನನಗೆ, "ಅದೇ ಹಾಕಿ."

"ಮಿಕ್ಕ ಹದಿಮೂರು?"

ಮಾತಿಲ್ಲ. ಅವರಿಗೆ ಗೀಟಿಲ್ಲ.
ಡಬ್ಬ ಮಡಿಸುವ ಸದ್ದೂ ನಿಂತುಹೋಗಿ
ಓಣಿಯಾಚೆ ಆಟೋ ಒಂದು ಕೆಮ್ಮಿದ್ದು ಕೇಳಿತು.

ದೇವೀರಮ್ಮ ಪತ್ರವನ್ನು ನಾಲ್ಕು ಮಡಿಸಿ
ತಾನೇ ಮಾಡಿದ ಡಬ್ಬವೊಂದರಲ್ಲಿಟ್ಟು ಮುಚ್ಚಿದಳು.
ಸ್ಟೂಲು ಎಳೆದು ನನ್ನೆದುರು ಕೂತಳು.

"ನೂರುನ್ನೀಸಾ ನನಗಿಂತ ಮುಂಚೆ ಬಂದಿದ್ದು ಸಾ.
ಗ್ವಾಡೆಗೆ ಮಗೀನ ಆನಿಸ್ಕಂಡು ನಿಲ್ಲಿಸ್ತಿದ್ದೋಳೇ ಅವಳು.
ಬರ್ಕಳಿ.
ಮಾದಲಾಂಬೆ ಬಂದಾಗ ಮಗಳು ಇಷ್ಟೆತ್ತರ..."

ಕೈಯನ್ನು ಗಾಳಿಯಲ್ಲಿ
ನೆಲದಿಂದ ಅಳೆದು ಹಿಡಿದಳು.